ತುಂಬಿದಂತೆಯೇ ಮರಳಿದ ತಾಟು

ನಮ್ಮ ನರ್ಸಬಾಯಾರ ಮನೆಯ ಬಾಗಿಲ ಚೌಕಟ್ಟಿಗೆ, ಬಲಗಡೆ, ಬೆರಳುದ್ದದ ಹಿತ್ತಾಳೆಯ ಕೊಳವೆಯೊಂದನ್ನು ಓರೆಯಾಗಿ ಬಡಿದಿದ್ದರು. ಅದರೊಳಗೆ ಅವರ ದೇವರ ಮಾತು ಬರೆದ ಸುರುಳಿ ಇತ್ತಂತೆ. ಒಳಗೆ ಹೋಗುವಾಗ, ಹೊರಗೆ ಬರುವಾಗ ಅದನ್ನು ಎರಡು ಬೆರಳಿನಿಂದ ಮುಟ್ಟಿ, ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದರು. ಮುಟ್ಟಿ ಮುಟ್ಟಿ ಹಿತ್ತಾಳೆ ನುಣ್ಣಗಾಗಿತ್ತು. ನನ್ನ ಮಕ್ಕಳ ಹೊಕ್ಕಳು ಕೊಯ್ದದ್ದು ಅದೇ ಬೆರಳುಗಳು.

ಯಲವಿಗಿಯ ಸ್ಟೇಶನ್ ಹಿಂದಿನ ನಮ್ಮ ಓಣಿಗೆ ಅವರು ಲಗ್ನವಾಗಿ ಬಂದರು. ಗಂಡನಿಗೆ ರೇಲ್ವೆ ನೌಕರಿ. ಆತ ತೀರಿಕೊಂಡರೂ, ಸವಣೂರಿನ ದವಾಖಾನೆಯ ಕೆಲಸ ಮುಗಿದರೂ ಅವರು ಓಣಿ ಬಿಡಲಿಲ್ಲ. ಯಹೂದಿ ಜನ. ಹಾಗೆಂದರೆ ಏನೆಂದು ನಮಗೆಲ್ಲಿ ಗೊತ್ತು? ಕೇಳಿದಾಗ ನಕ್ಕರು.

“ನಮ್ಮ ಹಿರ್ಯಾರು ಕೊಂಕಣದಾಗ ಗಾಣ ಹೊಡೀತಿದ್ರು ತಂಗಿ. ಶನಿವಾರ ಗಾಣ ನಿಲ್ಲಸ್ತಿದ್ರು. ಅಷ್ಟ ನೋಡು ಫರಕು.”

ಶನಿವಾರ ಅವರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಆದರೆ ಯಾರಿಗಾದರೂ ಬೇನೆ ಶುರುವಾಯಿತೆಂದರೆ ಶನಿವಾರವೂ ಎದ್ದು ನಡೆಯುತ್ತಿದ್ದರು. ಕೂಸು ವಾರ ಕೇಳಿಕೊಂಡು ಬರುವುದಿಲ್ಲ, ಜೀವ ಉಳಿಸುವುದು ನಮ್ಮ ದೇವರಿಗೆ ಶನಿವಾರಕ್ಕಿಂತ ದೊಡ್ಡದು ಎನ್ನುತ್ತಿದ್ದರು.

ಬಾಣಂತಿ ಎದ್ದು ಕೂತಳೆಂದರೆ ಅವರ ಮನೆಯಲ್ಲಿ ಮಲೀದಾ. ನಾವು ಗೋಧಿಯಲ್ಲಿ ಮಾಡುತ್ತೇವಲ್ಲ, ಆ ಮಾಲ್ದಿಯಲ್ಲ ಇದು. ಅವಲಕ್ಕಿ ನೆನೆಸಿ, ಬೆಲ್ಲ, ಹಸಿ ಕೊಬ್ಬರಿ, ಯಾಲಕ್ಕಿ ಕಲಸಿ, ಮೇಲೆ ಹಣ್ಣು ಜೋಡಿಸಿ ತಮ್ಮ ಪ್ರವಾದಿ ಎಲಿಯಾಹು ನಬಿಯ ಹೆಸರಿನಲ್ಲಿ ಪ್ರಾರ್ಥನೆ ಮಾಡುವರು. ಆಮೇಲೆ ತಾಟು ಹಿಡಿದು ಮನೆಮನೆಗೆ ಬರುವರು. ಕೊಟ್ಟು ಹೋಗುವ ಪೈಕಿ ಅಲ್ಲ. ತಿನ್ನುವ ತನಕ ಹೊಸ್ತಿಲಲ್ಲೇ ನಿಲ್ಲುವರು. “ಹರಕಿ ತಾಟು ತುಂಬಿಕೊಂಡು ತಿರಗಬಾರದವ್ವ, ತಿಂದು ಕಳಸು.”

ಅವರ ಅಣ್ಣ ವಯಸ್ಸಿನಲ್ಲಿದ್ದಾಗಲೇ ಇಸ್ರೇಲಿಗೆ ಹೋಗಿ ನೆಲೆಸಿದ್ದ. ಈಗಿನ ಯುದ್ಧ ಶುರುವಾದಾಗ ಆತನ ಮೊಮ್ಮಗ ಅಲ್ಲಿ ಸಿಪಾಯಿ. ಹುಡುಗನ ಸುದ್ದಿಯಿಲ್ಲವೆಂದು ಬಾಯಾರು ಊಟ ಬಿಟ್ಟರು. ಟಿ.ವಿ.ಯಲ್ಲಿ ಗಾಜಾದ ಮಕ್ಕಳನ್ನು ಮಣ್ಣಿನಡಿಯಿಂದ ತೆಗೆಯುವುದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ಎರಡಕ್ಕೂ ಅಳುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ.

ಅಂಥವರ ಬಾಗಿಲಿಗೆ ನಮ್ಮ ಊರಿನ ಪುಂಡರು ಮಾಲೆ ಹಿಡಿದು ಬಂದರು. ನಿಮ್ಮ ದೇಶಕ್ಕೆ ನಮ್ಮ ಬೆಂಬಲ ಎಂದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬಾಯಾರು ಮುಂದೆ ನಿಂತವನ ಗದ್ದ ಹಿಡಿದು ಕೇಳಿದರು:

“ನಿಮ್ಮವ್ವ ಬೇನಿ ತಿನ್ನಾಕತ್ತಾಗ ನಾ ಯಾವ ದೇಶದಾಕಿ ಇದ್ನೆಲೇ? ಆಗ ಯಾಕ ಕೇಳಲಿಲ್ಲ?”

ಪುಂಡರು ಹಲ್ಲು ಕಿಸಿದು, ಮಾಲೆಯನ್ನು ಬಾಯಾರ ಕೊರಳಿಗೆ ಹಾಕಿಯೇ ಫೋಟೋ ಹೊಡೆದುಕೊಂಡು ಹೋದರು. ಬಾಯಾರು ಆ ಮಾಲೆ ಕಿತ್ತೆಸೆದದ್ದು ಫೋಟೋದಲ್ಲಿ ಬರಲಿಲ್ಲ. ಸಂಜೆಗೆ ಅದು ಊರವರ ಮೊಬೈಲಿನಲ್ಲೆಲ್ಲ ಹರಿದಾಡಿತು. ನನ್ನ ಮಗನೂ ಅದನ್ನು ನಾಲ್ಕು ಮಂದಿಗೆ ಕಳಿಸಿದ್ದ. ನಿನ್ನ ಹೊಕ್ಕಳು ಕೊಯ್ದಾಕಿಯನ್ನು ಸಂತೆಗೆ ಇಟ್ಟೆಯಲ್ಲೋ ಎಂದು ಸೌಟು ಹಿಡಿದೇ ಬೈದೆ.

ಅದಾದ ಮೇಲೆ ಅಣ್ಣನ ಮೊಮ್ಮಗನ ಫೋನು ಬಂತು. ಹುಡುಗ ಜೀವಂತ ಇದ್ದ. ಬಾಯಾರು ಮಲೀದಾ ಕಲಸಿದರು. ತಾಟು ಮೊದಲು ಬಳೆಗಾರ ಚಾಚಿಯ ಮನೆಗೆ ಹೋಯಿತು. ಚಾಚಿಯ ಮಕ್ಕಳೂ ಇವರ ಕೈಯಲ್ಲೇ ಹುಟ್ಟಿದವರು. ಅವಳ ಕಣ್ಣು ಕೆಂಪಾಗಿತ್ತು. ಮಾಲೆಯ ಫೋಟೋ ನೋಡಿದ್ದಳು. ಈಗ ಸಿಹಿ ಬಂದಿದೆ. ಅವಳು ಏನೆಂದು ತಿಳಿಯಬೇಕು?

“ಈ ಸಲ ಬ್ಯಾಡ್ರಿ ಬಾಯಾರ. ಕೂಸುಗೋಳ ಹೆಣ ನೋಡೇನಿ. ಇದು ಗಂಟಲದಾಗ ಇಳ್ಯಾಂಗಿಲ್ಲ.”

ಬಾಯಾರು ಹೊಸ್ತಿಲಿನಿಂದಲೇ ತಿರುಗಿದರು. ಮುಂದಿನ ಮನೆಗೂ ಹೋಗಲಿಲ್ಲ. ತಾಟು ತುಂಬಿಕೊಂಡೇ ನಮ್ಮ ಕಟ್ಟೆಗೆ ಬಂದು ಕೂತರು. ನಾನೇ ಹೋಗಿ ಚಾಚಿಗೆ ಎಲ್ಲ ಹೇಳುತ್ತೇನೆಂದು ಎದ್ದೆ. ಸೆರಗು ಹಿಡಿದು ಕೂರಿಸಿದರು.

“ಬ್ಯಾಡ. ನನ್ನ ಸಲುವಾಗಿ ಸಾಕ್ಷಿ ಹೇಳೂ ಹಂಗ ಆತೇನ ಈ ಓಣ್ಯಾಗ? ನಮ್ಮಣ್ಣ ಅಲ್ಲಿ ಹೋದಾಗ, ನೀವು ಖರೇ ಯಹೂದ್ಯರೇನು ಅಂತ ಕೇಳಿದ್ರಂತ. ಇಲ್ಲಿ ನನಗ, ನೀ ಖರೇ ಇಲ್ಲಿಯಾಕಿ ಏನು ಅಂತಾರ. ಎಲ್ಲಾರಿಗೂ ಖರೇತನದ ಚೀಟಿ ತೋರಸ್ಕೋತ ಸಾಯಬೇಕೇನ ತಂಗಿ ನಾವು?”

ಅದಾದ ಮೇಲೆ ಅವರು ಮಲೀದಾ ಮಾಡಲಿಲ್ಲ. ಮುಂದಿನ ಮಳೆಗಾಲಕ್ಕೆ ತೀರಿಕೊಂಡರು. ಪುಣೆಯಿಂದ ಬಂಧುಗಳು ಬಂದು, ತಮ್ಮವರನ್ನು ಮಣ್ಣು ಮಾಡುವ ಕಡೆಗೆ ಒಯ್ದರು. ಗಾಡಿ ಹೊರಟಾಗ ಚಾಚಿ ತನ್ನ ಬಾಗಿಲಲ್ಲಿ ಗೋಡೆಗೆ ಆನಿಕೊಂಡು ನಿಂತಿದ್ದಳು. ಮಾಲೆ ತಂದಿದ್ದ ಪುಂಡರಲ್ಲಿ ಒಬ್ಬನೂ ಬರಲಿಲ್ಲ. ದೇಶಕ್ಕೆ ಬೆಂಬಲ ಕೊಡುವವರಿಗೆ ಹೆಣಕ್ಕೆ ಹೆಗಲು ಕೊಡಲು ಪುರಸೊತ್ತು ಎಲ್ಲಿ?

ಈಗ ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಎಂಥ ಕೂಸು ಅಂತೀರಿ! ತಲೆ ತುಂಬ ಕೂದಲು, ಹಿಡಿದ ಬೆರಳು ಬಿಡುವುದಿಲ್ಲ. ಸಂತೋಷಕ್ಕೆ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಸೊಸೆ ಎದ್ದು ಕೂತ ದಿನ ಅವಲಕ್ಕಿ ನೆನೆಹಾಕಿದೆ. ಕೊಬ್ಬರಿಯನ್ನು ಮಗನ ಕೈಯಿಂದಲೇ ತುರಿಸಿದೆ. ಯಾಕೆಂದು ಅವನು ಕೇಳಲಿಲ್ಲ. ಬಾಯಾರ ಪ್ರಾರ್ಥನೆ ನನಗೆ ಬಾರದು. ಅವರ ಹೆಸರು ಹೇಳಿ ಕೈ ಮುಗಿದೆ.

ತಾಟನ್ನು ಮೊದಲು ಚಾಚಿಯ ಮನೆಗೇ ಒಯ್ದೆ. ಸಾಕ್ಷಿ ಹೇಳಬೇಡ ಎಂದವರು ಈಗ ನನ್ನನ್ನು ಬೈಯಲು ಇಲ್ಲ. ಹೇಳಿದೆ. ಕಿತ್ತೆಸೆದ ಮಾಲೆಯನ್ನು, ಊಟ ಬಿಟ್ಟದ್ದನ್ನು, ಆ ಹುಡುಗನ ಫೋನನ್ನು, ಗಾಜಾದ ಮಕ್ಕಳಿಗೆ ಅತ್ತದ್ದನ್ನು, ಎಲ್ಲ. ಚಾಚಿ ಕೇಳುತ್ತ ಕೇಳುತ್ತ ಹೊಸ್ತಿಲ ಒಳಗೆ ಕೂತುಬಿಟ್ಟಳು.

“ಅಕಿ ನನಗ ಯಾಕ ಹೇಳಲಿಲ್ಲ ಅಕ್ಕಾ?”

“ನೀ ಕೇಳಿದೇನ?” ಎಂದೆ. ಸಿಟ್ಟು ಇನ್ನೂ ಇತ್ತು, ಮುಚ್ಚಿಡಲಿಲ್ಲ.

ಚಾಚಿ ಬಳೆ ಸರಿಸಿಕೊಂಡು ಕೈ ನೀಡಿ ಒಂದು ಮುಷ್ಟಿ ತೆಗೆದುಕೊಂಡಳು. ನಾನು ಸುಮ್ಮನೆ ಬರಲಿಲ್ಲ. ಅದು ಅವಳ ಗಂಟಲಲ್ಲಿ ಇಳಿಯುವುದನ್ನು ಕಣ್ಣಾರೆ ಕಾಣುವ ತನಕ, ಬಾಯಾರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದೆ.