ಅಜ್ಜಿಯ ಲೆಕ್ಕಕ್ಕೆ ಸಿಗದ ಒಂಟೆ

ಆ ದಿನಗಳಲ್ಲಿ ಮಿರ್ದಿಫ್ ಎಂದರೆ ದುಬೈಯ ಕೊನೆ ಎಂದೇ ನಾವು ಮಕ್ಕಳು ನಂಬಿದ್ದೆವು. ನಮ್ಮ ಬಿಲ್ಡಿಂಗಿನ ಹಿಂದೆ ಒಂದು ರಸ್ತೆ, ಅದರಾಚೆ ಕೆಲವು ವಿಲ್ಲಾಗಳು, ಆಮೇಲೆ ಬರೀ ಮರಳು. ಚಳಿಗಾಲದಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಆ ಮರಳಿನ ಮೇಲೂ ಹಸಿರು ಚಿಗುರುತ್ತಿತ್ತು. ಒಂಟೆಗಳು ಮರಿ ಹಾಕುವುದೂ ಆಗಲೇ. ಶುಕ್ರವಾರ ಬಂತೆಂದರೆ ಅಪ್ಪನ ಹಳೆಯ ಕೊರೊಲ್ಲಾದಲ್ಲಿ ಮರಿ ನೋಡಲು ನಮ್ಮ ಸವಾರಿ. ಅಮ್ಮ ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಗೋಳಿಬಜೆ ತುಂಬಿಸಿಕೊಳ್ಳುತ್ತಿದ್ದಳು. ಕಾರಿಡೀ ಕರಿದ ಎಣ್ಣೆಯ ಪರಿಮಳ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಪುತ್ತೂರಿನಿಂದ ಅಜ್ಜಿ, ಅಂದರೆ ಅಮ್ಮನ ಅಮ್ಮ, ವಿಸಿಟ್ ವೀಸಾದಲ್ಲಿ ಬಂದಳು. ಮಂಡಿನೋವಿನಿಂದ ಹಟ್ಟಿಯ ಕೆಲಸ ಮಾಡಲಾಗದೆ, ಇದ್ದ ದನಗಳನ್ನೆಲ್ಲ ಕೊಟ್ಟು ಬಂದಿದ್ದಳು. ಆಯುಷ್ಯವಿಡೀ ಕೋಳಿ ಕೂಗುವ ಮೊದಲೇ ಎದ್ದು ಹಾಲು ಕರೆದವಳಿಗೆ ನಮ್ಮ ಫ್ಲ್ಯಾಟಿನಲ್ಲಿ ಎದ್ದು ಮಾಡುವುದಕ್ಕೇನೂ ಇರಲಿಲ್ಲ. ಸೋಫಾದ ತುದಿಯಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತಿದ್ದಳು. ಮಾಲ್ ತೋರಿಸಿದೆವು, ಸಮುದ್ರ ತೋರಿಸಿದೆವು. ಸಮುದ್ರ ನಮ್ಮಲ್ಲೂ ಉಂಟು ಎಂದಳು. ವಾರ ಕಳೆಯುವುದರೊಳಗೆ ನನ್ನನ್ನು ಕಳಿಸಿಬಿಡಿ ಎಂದು ಶುರುಮಾಡಿದಳು.

ಮುಂದಿನ ಶುಕ್ರವಾರ ಅವಳನ್ನೂ ಕಾರಿಗೆ ಹತ್ತಿಸಿದೆವು. ಒಂಟೆ ಕಾಯುವ ಇದ್ರೀಸ್ ಸುಡಾನಿನವನು. ಮಾತು ಕಡಿಮೆ, ನಗು ಜಾಸ್ತಿ. ಅಜ್ಜಿ ಇಳಿಯಲೇ ಇಲ್ಲ, ಕಿಟಕಿಯಿಂದಲೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕಾರಿನ ಬಾಗಿಲು ತೆರೆಯಿತು. ಕಂದು ಬಣ್ಣದ ಒಂದು ತುಂಬು ಗಬ್ಬದ ಒಂಟೆಯ ಕಡೆಗೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಡೆಯುತ್ತಿದ್ದಳು.

"ಬಾಲದ ಬುಡ ನೋಡು, ಸಡಿಲ ಆಗಿದೆ. ಕತ್ತಲೆ ಆಗುದರೊಳಗೆ ಹಾಕ್ತದೆ," ಎಂದಳು.

"ಅಮ್ಮ, ಅದು ದನ ಅಲ್ಲ," ಎಂದಳು ಅಮ್ಮ.

"ನಾಲ್ಕು ಕಾಲು ಉಂಟಲ್ಲ?"

ಇದ್ರೀಸ್ ತಲೆಯಾಡಿಸಿ "ಬುಕ್ರಾ" ಎಂದ. ನಾಳೆ ಎಂದು ಅರ್ಥ; ಅವನ ಬಾಯಲ್ಲಿ ಆ ನಾಳೆ ಯಾವತ್ತು ಬೇಕಾದರೂ ಆಗಬಹುದಿತ್ತು. ಹಿಂತಿರುಗುವಾಗ ಅಜ್ಜಿ ಮೊದಲ ಸಲ ಎರಡು ಗೋಳಿಬಜೆ ತಿಂದಳು. ಆ ಒಂಟೆ ಕರು ಹಾಕುವುದನ್ನು ನೋಡಿಯೇ ಹೋಗುತ್ತೇನೆ, ಆಮೇಲೆ ಒಂದು ದಿನವೂ ನಿಲ್ಲುವುದಿಲ್ಲ ಎಂದು ಸಾರಿದಳು.

ನನಗೆ ಮೊದಲು ಖುಷಿಯಾಯಿತು, ಆಮೇಲೆ ಒಂಟೆ ಹೆತ್ತ ಮರುದಿನವೇ ಅಜ್ಜಿ ಹೊರಡುತ್ತಾಳೆ ಎಂಬುದು ಅರ್ಥವಾಯಿತು. ಅಷ್ಟರಲ್ಲಾಗಲೇ ಅಜ್ಜಿ ನನ್ನವಳಾಗಿದ್ದಳು. ತೆಂಗಿನೆಣ್ಣೆಯ ವಾಸನೆಯ ಆ ಮೈಗೆ ಒತ್ತಿಕೊಂಡೇ ನಾನು ಮಲಗುತ್ತಿದ್ದದ್ದು. ಮೊಟ್ಟೆಯ ಟ್ರೇ ಕತ್ತರಿಸಿ, ಖರ್ಜೂರದ ಬೀಜ ಹಾಕಿ ನನಗೆ ಚೆನ್ನೆಮಣೆ ಕಲಿಸಿದ್ದಳು, ಮೋಸ ಮಾಡಿ ಗೆಲ್ಲುವುದನ್ನೂ ಕಲಿಸಿದ್ದಳು. ದೇವರ ಪಟದ ಮುಂದೆ ನಿಂತು ನಾನು ಬೇಡಿಕೊಂಡದ್ದು ಒಂದೇ: ಆ ಒಂಟೆ ಹೆರುವುದೇ ಬೇಡ.

ದೇವರು ಕೇಳಿಸಿಕೊಂಡ ಹಾಗಿತ್ತು. ಪ್ರತಿ ಶುಕ್ರವಾರ ಅಜ್ಜಿ ಕೆಚ್ಚಲು ನೋಡಿ, ಬಾಲ ನೋಡಿ, ಇವತ್ತು ಖಂಡಿತ ಎನ್ನುವಳು. ಇದ್ರೀಸ್ ಬುಕ್ರಾ ಎನ್ನುವನು. ಒಂಟೆ ಇಬ್ಬರನ್ನೂ ನೋಡಿ ಮೆಲುಕು ಹಾಕುವುದು. ಒಂಟೆ ವರ್ಷ ತುಂಬಿದ ಮೇಲೂ ಮರಿಯನ್ನು ಹೊಟ್ಟೆಯಲ್ಲಿ ಹೊರುತ್ತದೆ ಎಂದು ಯಾರೋ ಹೇಳಿದ ಮೇಲಂತೂ ಅಜ್ಜಿಗೆ ಅದರ ಮೇಲೆ ವಿಪರೀತ ಮರುಕ ಹುಟ್ಟಿತು. ನಮ್ಮ ಮನೆಯ ಸೌತೆಕಾಯಿ, ಬಾಳೆಹಣ್ಣಿನ ಸಿಪ್ಪೆ ಎಲ್ಲ ಪೊಟ್ಟಣ ಕಟ್ಟಿಕೊಂಡು ಹೋಗತೊಡಗಿದಳು.

ಒಂದು ಶುಕ್ರವಾರ ಅಜ್ಜಿ ಭವಿಷ್ಯ ನುಡಿಯಲಿಲ್ಲ. ಸೋತು ಚಹಾ ಕುಡಿಯುತ್ತಿದ್ದಳು. ಅಷ್ಟರಲ್ಲಿ ಒಂಟೆ ಹಿಂಡು ಬಿಟ್ಟು ದೂರ ಹೋಯಿತು. ಕೂತಿತು, ಎದ್ದಿತು, ಮತ್ತೆ ಕೂತಿತು. ಎರಡು ಪುಟ್ಟ ಪಾದಗಳು ಹೊರಗೆ ಕಂಡದ್ದೇ ತಡ, ಅಜ್ಜಿ ಲೋಟ ಬಿಸಾಡಿ ಕರು ಎಳೆಯಲು ಹೊರಟೇಬಿಟ್ಟಳು. ಇದ್ರೀಸ್ "ಮಾಫಿ, ಮಾಫಿ", ಬೇಡ ಬೇಡ, ಎಂದು ಓಡಿಬಂದ. ಒಂಟೆ ಕತ್ತು ಎತ್ತಿ ಗುಟುರು ಹಾಕಿತು. ಅಜ್ಜಿ ಹೋದದ್ದಕ್ಕಿಂತ ಬೇಗ ಹಿಂದೆ ಬಂದಳು; ಆ ಹೊತ್ತಿಗೆ ಅವಳ ಮಂಡಿನೋವು ಎಲ್ಲಿ ಅಡಗಿತ್ತೋ.

ಮರಿ ಮರಳಿಗೆ ಜಾರಿತು. ಮೈಗಿಂತ ಕಾಲೇ ಹೆಚ್ಚು. ಮುಂದಿನ ಕಾಲು ಊರಿದರೆ ಹಿಂದಿನದು ಜಾರುತ್ತಿತ್ತು, ಹಿಂದಿನದು ನಿಂತರೆ ಮೂತಿ ಮರಳಿಗೆ. ಅಜ್ಜಿ ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಪ್ರಾರ್ಥನೆ ನನಗೇ ಮರೆತುಹೋಗಿ, ಏಳು ಏಳು ಎಂದು ನಾನೂ ಕೂಗುತ್ತಿದ್ದೆ. ಕೊನೆಗೂ ಅದು ನಾಲ್ಕೂ ಕಾಲಿನ ಮೇಲೆ ನಡುಗುತ್ತ ನಿಂತಿತು.

ಆಗ ಅಪ್ಪ, ಪಾಪ, ಮಾತು ಮಾತೇ ಎಂದುಕೊಂಡವನು, "ಹಾಗಾದ್ರೆ ಟಿಕೆಟ್ ಮಾಡ್ಲಾ ಅತ್ತೆ?" ಎಂದು ಕೇಳಿದ.

ನಾನು ಅಜ್ಜಿಯ ಸೆರಗು ಹಿಡಿದುಕೊಂಡೆ. ಅಜ್ಜಿ ಮರಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬೇಲಿಯ ಹತ್ತಿರ ನಿಂತಿದ್ದ ಬಿಳಿ ಒಂಟೆಯ ಕಡೆ ಕೈ ತೋರಿಸಿದಳು.

"ಅದಕ್ಕೂ ದಿನ ಹತ್ತಿರ ಬಂದ ಹಾಗೆ ಉಂಟು. ಅದರದ್ದೂ ಆಗಿಹೋಗ್ಲಿ."

ಅಪ್ಪ ದನಿ ತಗ್ಗಿಸಿ ಹೇಳಿದ, "ಅತ್ತೆ, ಅದು ಗಂಡು."

"ಇರ್ಲಿ," ಎಂದಳು ಅಜ್ಜಿ. "ಕಾಯುವ."

ಅಮ್ಮ ಮುಖ ಆಚೆ ತಿರುಗಿಸಿಕೊಂಡು ನಕ್ಕಳು, ಅತ್ತಳೋ ಏನೋ. ಮರಿಗೆ ಹೊಟ್ಟೆ ತುಂಬಿದ ಮೇಲೆ ಇದ್ರೀಸ್ ಒಂದು ಬಾಟ್ಲಿ ಹೊಸ ಹಾಲು ಕೊಟ್ಟು, ಹೊಟ್ಟೆಯ ಮೇಲೆ ಕೈ ತಿರುಗಿಸಿ, ಕೆಡುತ್ತದೆ ಎಂದು ಎಚ್ಚರಿಸಿದ. ಅಜ್ಜಿ ಕೇಳುವವಳೇ? ಬೆಲ್ಲ ಏಲಕ್ಕಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಗಿಣ್ಣು ಬೇಯಿಸಿದಳು. ಎಷ್ಟು ಬೇಯಿಸಿದರೂ ಅದು ಗಟ್ಟಿಯಾಗಲಿಲ್ಲ. ಲೋಟದಲ್ಲಿ ಕುಡಿದೆವು. ಮರುದಿನ ಬಾತ್‌ರೂಮಿನ ಮುಂದೆ ಇಡೀ ಸಂಸಾರದ ಸಾಲು.

ವೀಸಾ ಮುಗಿಯುವ ತನಕ ಅಜ್ಜಿ ಇದ್ದಳು. ಆಮೇಲೆ ಮತ್ತೆ ಬರಲಿಲ್ಲ, ಈಗ ಅವಳೇ ಇಲ್ಲ. ಆ ಮರಳಿನ ಮೇಲೆ ಈಗ ವಿಲ್ಲಾಗಳ ಸಾಲು. ಒಂಟೆಗಳನ್ನು ಯಾವ ಕಡೆಗೆ ಸಾಗಿಸಿದರೋ ಗೊತ್ತಿಲ್ಲ. ನಾನು ಮೆಟ್ರೋ ಹತ್ತಿರವೆಂದು ಅಲ್ ಬರ್ಷಾದಲ್ಲಿ ಮನೆ ಮಾಡಿದ್ದೇನೆ. ಈಗ ಊರಿಗೇ ಮರಳಿರುವ ಅಮ್ಮ ಕಳೆದ ಚಳಿಗಾಲದಲ್ಲಿ ಅಲ್ಲಿಂದ ಬಂದಿದ್ದಳು. ಒಂದೇ ವಾರದಲ್ಲಿ ನೋಡುವುದೆಲ್ಲ ನೋಡಿ ಮುಗಿಯಿತು. ಹೊರಡುವ ದಿನ ನನ್ನ ಮಗಳು ಅವಳ ಕೈ ಹಿಡಿದು "ಅಜ್ಜಿ, ಡೋಂಟ್ ಗೋ" ಎಂದಳು. ಅಮ್ಮ ನನ್ನ ಮುಖ ನೋಡಿದಳು, ಉಳಿಯಲು ಏನಾದರೊಂದು ಕಾರಣ ನಾನಾದರೂ ಹೇಳಲಿ ಎಂಬಂತೆ. ನನಗೆ ಒಂದೂ ಹೊಳೆಯಲಿಲ್ಲ.