ವಾಡಿಯ ಜಗದೇವಪ್ಪನ ಎಣ್ಣೆ ಬಟ್ಟೆ

ವಾಡಿ ಸ್ಟೇಷನ್ ರಸ್ತೆಯಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡುವ ಜಗದೇವಪ್ಪನ ಪ್ರಕಾರ ಈ ಸೀಮೆಯಲ್ಲಿ ಗಾಡಿ ತಿಳಿದವನು ಒಬ್ಬನೇ. ಆ ಒಬ್ಬ ಯಾರೆಂದು ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ. ಉಳಿದವರೆಲ್ಲ ಅವನ ಪಾಲಿಗೆ ದನಕಾಯುವವರು. ಶಹಾಬಾದಿನ ಹುಡುಗರು ಸೈಲೆನ್ಸರ್ ಕಿತ್ತೊಗೆದು ಊರಿನ ನಿದ್ದೆಗೆಡಿಸುವವರು. ಸೇಡಂನ ಗುತ್ತಿಗೆದಾರರು ಆನೆಯಂಥ ಗಾಡಿ ಕೊಂಡು ಚಹಾ ಕುಡಿಯಲು ಮಾತ್ರ ಹೊರಗೆ ತೆಗೆಯುವವರು. ಚಿಂಚೋಳಿಯಿಂದ ಬರುವ ಒಬ್ಬ ಮಾಸ್ತರ ತನ್ನ ಗಾಡಿಗೆ ಕಂಬಳಿ ಹೊದಿಸುತ್ತಾನೆಂದು ಗೊತ್ತಾದ ದಿನ ಜಗದೇವಪ್ಪ ಅವನಿಗೆ, "ಹಾಲು ಕುಡಸ್ತೀರೋ ಇಲ್ಲೋ ರಾತ್ರಿ?" ಎಂದು ನಾಲ್ಕು ಜನರ ಮುಂದೆ ಕೇಳಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಅವನ ಬಾಯಿಂದ ನನ್ನ ತಪ್ಪು ಎಂಬ ಮಾತು ಬಂದದ್ದಿಲ್ಲ. ರಿಪೇರಿಯಾದ ಗಾಡಿ ವಾರದೊಳಗೆ ಮರಳಿ ಬಂದರೆ ತಪ್ಪು ರಸ್ತೆಯದು, ಪೆಟ್ರೋಲಿನದು, ಇಲ್ಲವೇ ಮೇಲೆ ಕುಳಿತವನದು.

ಅವನ ಅಂಗಡಿಯ ಹೆಮ್ಮೆ ಒಂದು ಎಣ್ಣೆ ಬಟ್ಟೆ. ವಾಡಿಯಲ್ಲಿ ಸಿಮೆಂಟಿನ ಪುಡಿ ಎಲ್ಲದರ ಮೇಲೂ ಕೂರುತ್ತದೆ. ಚಳಿಗಾಲದ ಇಬ್ಬನಿ ಅದರ ಮೇಲೆ ಬಿದ್ದರೆ ಹಪ್ಪಳಗಟ್ಟುತ್ತದೆ, ಆಮೇಲೆ ಉಗುರಿನಿಂದ ಕೆರೆದರೂ ಏಳುವುದಿಲ್ಲ. ಅದಕ್ಕೇ ಇಲ್ಲಿಯ ಜನ ಡೀಸೆಲ್‌ಗೆ ಹಳೆಯ ಇಂಜಿನ್ ಎಣ್ಣೆ ಬೆರೆಸಿ ಗಾಡಿ ಒರೆಸುತ್ತಾರೆ. ಜಗದೇವಪ್ಪನೋ ಹ್ಯಾಂಡಲ್‌ನಿಂದ ಹಿಡಿದು ಟೈರಿನ ಅಂಚಿನವರೆಗೆ ಒರೆಸುವನು. ಕರ್ರಗೆ ಮಿಂಚುವ ಟೈರು ನೋಡಿದ ಗಿರಾಕಿಗೆ ಕಾರ್ಬೊರೇಟರ್ ಮುಟ್ಟದೇ ಬಿಟ್ಟದ್ದು ಗೊತ್ತೇ ಆಗುತ್ತಿರಲಿಲ್ಲ. ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ರಸ್ತೆ ದಾರ ಹಿಡಿದಷ್ಟು ನೇರ. ಟೈರು ನಡುವೆ ಮಾತ್ರ ಸವೆಯುತ್ತದೆ, ಅಂಚು ನೆಲಕ್ಕೆ ತಾಗುವುದೇ ಇಲ್ಲ. ಹೀಗಾಗಿ ಆ ಎಣ್ಣೆಯಿಂದ ಯಾರಿಗೂ ಏನೂ ಆಗಿರಲಿಲ್ಲ.

ಅವನ ಮಗಳು ಭಾಗ್ಯ ಚಿತ್ತಾಪುರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು, ದಿನವೂ ತನ್ನದೇ ಬೈಕಿನಲ್ಲಿ ಹೋಗಿ ಬರುವವಳು. ಹೈದರಾಬಾದಿನ ಆಚೆ ಒಂದು ರೇಸ್ ಟ್ರ್ಯಾಕಿನಲ್ಲಿ ಒಂದು ಭಾನುವಾರ ಹೊಸಬರಿಗೂ ಓಡಿಸಲು ಬಿಡುತ್ತಾರೆ ಎಂದು ತಿಳಿದು ಹೆಸರು ಕೊಟ್ಟಳು. ಪಂದ್ಯವಲ್ಲ, ಬಹುಮಾನವಿಲ್ಲ. ಎದುರಿನಿಂದ ಲಾರಿ, ಎಮ್ಮೆ ಬರದ ದಾರಿಯಲ್ಲಿ ಒಂದು ದಿನ ಮನಸಾರೆ ತಿರುವು ಹಾಕುವುದು, ಅಷ್ಟೇ. ಅವಳಿಗೆ ಸಿಕ್ಕಿದ್ದು ಅದೊಂದೇ ದಿನದ ರಜೆ, ಅದೂ ಮೂರು ತಿಂಗಳು ಬೇಡಿ.

ಎರಡು ತಿಂಗಳು ಅವಳು ತಯಾರಿ ನಡೆಸಿದಳು. ಬಸ್ಕಿ ಹೊಡೆದು ತೊಡೆ ಗಟ್ಟಿ ಮಾಡಿಕೊಂಡಳು. ಕುತ್ತಿಗೆಗೆ ರೂಢಿಯಾಗಲೆಂದು ಹೆಲ್ಮೆಟ್ ಹಾಕಿಕೊಂಡೇ ಜೋಳ ಹಸನು ಮಾಡಿದಳು. ತಾಯಿ ಲಾಲಮ್ಮ ಬಾಗಿಲಲ್ಲಿ ನಿಂತು, "ಬೀಗರು ನೋಡಾಕ ಬಂದ್ರ ಹಿಂಗೇ ಕುಂದರು. ಮಾರಿ ತೋರಸೋ ತ್ರಾಸೇ ಇಲ್ಲ" ಎಂದಳು. ಬಿದ್ದರೆ ಮೈ ತರಚದಂತೆ ತೊಡುವ, ಇಡೀ ಮೈ ಮುಚ್ಚುವ ಚರ್ಮದ ಅಂಗಿಯನ್ನು ಭಾಗ್ಯ ಬಾಡಿಗೆಗೆ ತರಿಸಿದಳು. ಬೂಟು, ಕೈಗವಸು ಕೊಂಡಳು. ಬೈಕಿಗೆ ಹೊಸ ಟೈರು, ಹೊಸ ಬ್ರೇಕ್ ಪ್ಯಾಡು ಹಾಕಿಸಿದಳು.

ಗಾಡಿ ಸಜ್ಜು ಮಾಡುವುದು ಹೇಗೆಂದು ಟ್ರ್ಯಾಕಿನವರು ಒಂದು ಪಟ್ಟಿ ಕಳಿಸಿದ್ದರು. ಭಾಗ್ಯ ಅದನ್ನು ಅಪ್ಪನಿಗೆ ಓದಿ ಹೇಳತೊಡಗಿದಳು.

"ಕನ್ನಡಿ ಬಿಚ್ಚಬೇಕಂತ. ಲೈಟಿಗೆಲ್ಲಾ ಅಂಟು ಪಟ್ಟಿ ಹಚ್ಚಬೇಕಂತ."

"ಯಾಕ? ಕಣ್ಣಿನ ಆಪರೇಷನ್ ಆಗ್ಯಾದೇನು ಗಾಡಿಗಿ?"

"ಬಿದ್ದರ ಗಾಜು ಒಡದು ಹಿಂದಿನವರ ಟೈರಿಗಿ ಹತ್ತಬಾರದಂತ, ಅಪ್ಪಾ. ಬ್ರೇಕ್ ಎಣ್ಣಿ ಹೊಸಾದು ಹಾಕಬೇಕು. ಟೈರಿಗಿ..."

"ಸಾಕು ಮುಚ್ಚು ಆ ಕಾಗದ! ಎಸಿ ರೂಮಿನ್ಯಾಗ ಕುಂತು ಬರದಾರ. ಪಾನಾ ಹಿಡದು ನಟ್ಟು ಬಿಚ್ಯಾರೇನು ಒಂದು ದಿನ? ನಂಗ ಗಾಡಿ ಹೇಳಿಕೊಡತಾರಂತ."

ಟೈರಿನ ಸಾಲು ಓದದೆಯೇ ಉಳಿಯಿತು. ಭಾಗ್ಯ ಜಗಳಕ್ಕೆ ಹೋಗಲಿಲ್ಲ. ಶುಕ್ರವಾರ ಸಂಜೆ ತಾನೇ ಕುಳಿತು ಟೈರು ತೊಳೆದು, "ಅಪ್ಪಾ, ಸಬಕಾರ ಹಚ್ಚಿ ತೊಳದೀನಿ. ಟೈರಿಗಿ ಮಾತ್ರ ಕೈ ಹಚ್ಚಬ್ಯಾಡ" ಎಂದಳು. ಜಗದೇವಪ್ಪ ಹೂಂ ಎಂದ. ಅವನ ಹೂಂ ಯಾವತ್ತೂ ಕಿವಿಯಿಂದ ಒಳಗೆ ಇಳಿದು ಬಂದದ್ದಲ್ಲ.

ಶನಿವಾರ ಸಂಜೆ ಬೈಕನ್ನು ಬಾಡಿಗೆ ಟೆಂಪೋಗೆ ಏರಿಸುವ ಮೊದಲು ಅವನೊಮ್ಮೆ ದೂರ ನಿಂತು ನೋಡಿದ. ಟೈರು ಬೂದಿ ಬಣ್ಣಕ್ಕೆ ತಿರುಗಿ ಬಡವಾಗಿ ಕಂಡಿತು. ಹೈದರಾಬಾದಿನ ಮಂದಿಯ ಮುಂದೆ ಜಗದೇವಪ್ಪನ ಮಗಳ ಗಾಡಿ ಹೀಗೆ ನಿಲ್ಲುವುದೇ? ಭಾಗ್ಯ ಒಳಗೆ ಬುತ್ತಿ ಕಟ್ಟಿಕೊಳ್ಳುತ್ತಿದ್ದಳು. ಅವನು ಎಣ್ಣೆ ಬಟ್ಟೆ ತೆಗೆದುಕೊಂಡು ಎರಡೂ ಟೈರಿನ ಅಂಚುಗಳನ್ನು ಪ್ರೀತಿಯಿಂದ, ಸುತ್ತಲೂ, ಎರಡೆರಡು ಸಲ ಒರೆಸಿದ. ಆಮೇಲೆ ಮೇಲೆ ತಾಡಪಾಲು ಬಿಗಿದ. ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಅವನ ಪ್ರೀತಿಗೂ ಅವನಷ್ಟೇ ಮೊಂಡುತನ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಟ್ರ್ಯಾಕಿನಲ್ಲಿ ತಪಾಸಣೆ. ಗಾಡಿ ನೋಡುವವಳು ಅತೀಯಾ ಎಂಬ ಹೆಂಗಸು, ಬೀದರ ಕಡೆಯವಳು. ಜಗದೇವಪ್ಪ ಇಳಿದದ್ದೇ ತಡ, ತಾನು ಇಪ್ಪತ್ತೆಂಟು ವರ್ಷದ ಮೆಕ್ಯಾನಿಕ್ ಎಂದು ಅವಳಿಗೂ ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಜನರಿಗೂ ಕೇಳುವಂತೆ ಹೇಳಿಕೊಂಡಿದ್ದ. ತಾಡಪಾಲು ಸರಿಸಿದಾಗ ಭಾಗ್ಯ ಟೈರು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು. ಆದರೆ ಏನಾದರೂ ಮಾಡುವಷ್ಟರಲ್ಲಿ ಸರತಿ ಬಂದುಬಿಟ್ಟಿತು.

ಅತೀಯಾ ಬ್ರೇಕು ಒತ್ತಿದಳು, ಚೈನು ಎಳೆದಳು. ಕೊನೆಗೆ ಟೈರಿನ ಅಂಚಿನ ಮೇಲೆ ಬೆರಳೆಳೆದು, ಕರ್ರಗಾದ ಬೆರಳನ್ನು ಎತ್ತಿ ತೋರಿಸಿದಳು.

"ಇದಕ್ಕ ಎಣ್ಣಿ ಹಚ್ಚಿದವರು ಯಾರು? ನೇರ ಹೋದ್ರ ನೆಲಕ್ಕ ಹತ್ತೋದು ಟೈರಿನ ನಡು. ತಿರುವಿನ್ಯಾಗ ಗಾಡಿ ವಾಲಸಿದಿ ಅಂದ್ರ ನಿನ್ನ ಜೀವ ಇರೋದು ಈ ಅಂಚಿನ ಮ್ಯಾಲೆ. ಮೊದಲನೇ ತಿರುವಿಗೇ ಬೀಳತಿದ್ದಿ, ಹಿಂದಿನವರು ಮ್ಯಾಲೆ ಹಾಯತಿದ್ರು."

ಭಾಗ್ಯ ಅಪ್ಪನ ಕಡೆ ನೋಡಿದಳು. ಬಾಯಿ ತೆರೆಯಲು ಅವನಿಗೆ ಬೇಕಾದಷ್ಟು ಹೊತ್ತು ಕೊಟ್ಟಳು. ಶಹಾಬಾದಿನಿಂದ ಸೇಡಂವರೆಗೆ ಯಾರನ್ನೂ ಬಿಡದ ಆ ಬಾಯಿ ಮುಚ್ಚಿಕೊಂಡೇ ಇತ್ತು. ಅವನು ಚೈನನ್ನು ಮೊದಲ ಸಲ ಕಂಡವನಂತೆ ನೋಡುತ್ತಿದ್ದ.

"ನಾನೇ ರಿ," ಎಂದಳು ಭಾಗ್ಯ. "ಗೊತ್ತಾಗಲಿಲ್ಲ."

"ಓಡಸೋದಕ್ಕಿಂತ ಮೊದಲು ಒರಸೋದು ಕಲಿಯವ್ವ. ಮನ್ಯಾಗ ಮೆಕ್ಯಾನಿಕ್ ಇದ್ದು ಹಿಂಗಾ?" ಎಂದಳು ಅತೀಯಾ. ಸಾಲಿನಲ್ಲಿದ್ದ ಗಂಡಸರು ನಕ್ಕರು. ಯಾರೋ ಹಿಂದಿನಿಂದ, ಹೆಂಗಸರಿಗೆ ಅಡುಗೆಮನೆಯೇ ಸರಿ ಎಂಬ ಮಾತನ್ನೂ ಆಡಿದ. ಮಗಳ ಕಿವಿ ಕೆಂಪಾದದ್ದನ್ನು ಕಂಡೂ ಜಗದೇವಪ್ಪ ಬಗ್ಗಿ ಚೈನಿನ ಕೊಂಡಿ ಮುಟ್ಟಿ ನೋಡತೊಡಗಿದ. ಛೀ ಎನ್ನಬೇಕು. ಅವಳನ್ನು ಸಾವಿನ ಬಾಯಿಗೆ ಕಳಿಸುತ್ತಿದ್ದೆನೆಂಬ ಭಯ ಅವನಿಗಿತ್ತು, ನಿಜ. ಅದಕ್ಕಿಂತ ದೊಡ್ಡ ಭಯ ಆ ಇಪ್ಪತ್ತು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವುದರದು.

ಟ್ರ್ಯಾಕಿನಲ್ಲಿ ಓಡಿಸುವ ಬೆಳಗಿನ ಎರಡು ಸರತಿ ಕೈತಪ್ಪಿದವು. ಇಡೀ ಮೈಗೆ ಚರ್ಮದ ಅಂಗಿ ತೊಟ್ಟು, ಬಿಸಿಲಲ್ಲಿ ಮಂಡಿಯೂರಿ, ಭಾಗ್ಯ ಸಾಬೂನು ನೀರಿನಲ್ಲಿ ಬ್ರಷ್ ಅದ್ದಿ ಟೈರು ತಿಕ್ಕಿದಳು. ಜಗದೇವಪ್ಪ ಹತ್ತಿರ ಬಂದು, "ತಾ ಇಲ್ಲಿ, ನಾ ತಿಕ್ಕತೀನಿ" ಎಂದ. ಅವಳು ತಲೆ ಎತ್ತದೆ "ಬ್ಯಾಡ" ಎಂದಳು.

ಮಧ್ಯಾಹ್ನ ಅತೀಯಾ ಮತ್ತೆ ಬೆರಳೆಳೆದು ನೋಡಿ ಒಳಗೆ ಬಿಟ್ಟಳು. ಮೊದಲ ತಿರುವಿನಲ್ಲಿ ಬೈಕು ವಾಲಿದಾಗ ಜಗದೇವಪ್ಪ ಬೇಲಿ ಹಿಡಿದು ಕಣ್ಣು ಮುಚ್ಚಿದ. ತೆರೆದಾಗ ಅವಳು ತಿರುವು ದಾಟಿ ಆಚೆ ಹೋಗಿದ್ದಳು. ಎಂಟು ಸುತ್ತು ಹಾಕಿದಳು, ಒಂದಕ್ಕಿಂತ ಒಂದು ಚೆಂದ. ಬೆಳಿಗ್ಗೆ ನಕ್ಕವರು ಬೇಲಿಯ ಬಳಿ ಬಂದು ನೋಡುತ್ತಿದ್ದರು. ಜಗದೇವಪ್ಪನ ಎದೆ ಮತ್ತೆ ಉಬ್ಬಿತು. ಪಕ್ಕದವನಿಗೆ, "ನನ್ನ ಮಗಳು. ಗಾಡಿ ನಾನೇ ಕಟ್ಟೀನಿ" ಎಂದೂ ಹೇಳಿಬಿಟ್ಟ.

ಅವಳು ಹೊರಗೆ ಬಂದಾಗ ಅವನು ಪಾನಾ ಹಿಡಿದು ಎದುರಿಗೆ ಹೋದ. ಅಷ್ಟು ಓಡಿದ ಮೇಲೆ ಚೈನು ಸಡಿಲಾಗಿರುತ್ತದೆ, ಬಿಗಿಯಬೇಕು, ಅದು ಮೆಕ್ಯಾನಿಕ್ಕಿನ ಕೆಲಸ. ಭಾಗ್ಯ ಬೈಕನ್ನು ತಳ್ಳಿಕೊಂಡು ಅವನ ಪಕ್ಕದಲ್ಲೇ ಹಾದು ಹೋಗಿ ಅತೀಯಾಳ ಮುಂದೆ ನಿಲ್ಲಿಸಿದಳು.

"ಮೇಡಂ, ಮುಂದಿನ ಸರತಿಗಿಂತ ಮೊದಲು ಚೈನು, ಟೈರು ಒಂದ್ಸಲ ನೋಡತೀರೇನ್ರಿ?"

"ನಿಮ್ಮಪ್ಪ ಮೆಕ್ಯಾನಿಕ್ ಹಾನಲ್ಲ?"

"ಹೌದ್ರಿ," ಎಂದಳು ಭಾಗ್ಯ. "ನೀವೇ ನೋಡ್ರಿ."

ಅತೀಯಾ ಒಮ್ಮೆ ತಂದೆಯನ್ನು, ಒಮ್ಮೆ ಮಗಳನ್ನು ನೋಡಿದಳು. ಕೆಳಗೆ ಕುಳಿತು, ಪಾನಾಕ್ಕಾಗಿ ಕೈ ಚಾಚಿದಳು. ಜಗದೇವಪ್ಪ ತನ್ನದನ್ನು ಕೊಟ್ಟ.