ಮಾವನವರು ಹಾರಿಸಿದ ವಿಮಾನ

ನನ್ನ ಮಾವನವರು ವಿಮಾನದಲ್ಲಿ ಕೂತು ಬಂದವರೆಂದು ನಮ್ಮೂರು ಹೊಳಲಿಗೆಲ್ಲ ಗೊತ್ತಿತ್ತು. ಎರಡನೇ ಮಹಾಯುದ್ಧ ಶುರುವಾದ ಹೊಸದರಲ್ಲಿ ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾಗ ಒಬ್ಬ ಬಿಳಿ ದೊರೆ ಇವರ ರುಮಾಲು, ಮೀಸೆ ನೋಡಿ ಮೆಚ್ಚಿ, ಹತ್ತಿಸಿಕೊಂಡು ಒಂದು ಸುತ್ತು ತಿರುಗಿಸಿದನಂತೆ. ನಾನು ಸೊಸೆಯಾಗಿ ಬಂದ ವರ್ಷ ಆ ವಿಮಾನ ತೆಂಗಿನ ಮರದ ಎತ್ತರಕ್ಕೆ ಹೋಗುತ್ತಿತ್ತು. ಮಾರನೆಯ ವರ್ಷ ಅದರಿಂದ ಕನ್ನಂಬಾಡಿ ಕಟ್ಟೆ ಕಾಣಿಸತೊಡಗಿತು. ಯುದ್ಧ ಮುಗಿಯುವ ಹೊತ್ತಿಗೆ ದೊರೆ ಪಕ್ಕಕ್ಕೆ ಸರಿದು ಕೂತಿದ್ದ, ಮಾವನವರೇ ಅದನ್ನು ನಡೆಸುತ್ತಿದ್ದರು.

ನಾನು ಮಿಡ್ಲ್ ಸ್ಕೂಲು ಓದಿದವಳು. ಸಂಜೆ ಜಗಲಿಯ ಮೇಲೆ ಮಾವನವರಿಗೆ ಪತ್ರಿಕೆ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಒಂದು ದಿನ ಓದು ನಿಲ್ಲಿಸಿ ಕೇಳಿದೆ, "ಮಾವ, ಒಳಗೆ ಕೂತ್ರೆ ಸದ್ದು ಎಂಗಿರ್ತದೆ?"

"ಸದ್ದಾ? ಮೊಸರು ಕಡ್ದಂಗೆ ಕಣವ್ವ. ಅಷ್ಟೇಯ."

ನನಗೆ ಅನುಮಾನ ಬಂದದ್ದು ಅವತ್ತೇ. ಹಿಂದಿನ ವಾರ ನಮ್ಮ ಮನೆ ಮೇಲೆ ಒಂದು ವಿಮಾನ ಹೋದಾಗ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿ, ಅದನ್ನು ಹಿಡಿದು ತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಯುದ್ಧಕಾಲದಲ್ಲಿ ಬಯಲು ಸಮ ಮಾಡಿ, ವಿಮಾನ ನಿಲ್ಲಿಸಲು ತಗಡಿನ ದೊಡ್ಡ ಶೆಡ್ಡು ಕಟ್ಟಿದ್ದರು. ಆಗ ಅತ್ತ ಸುಳಿಯಲು ಯಾರನ್ನೂ ಬಿಡುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಅಲ್ಲಿ ಒಂದೇ ಒಂದು ಹಳೇ ವಿಮಾನ ಉಳಿಯಿತು. ಅದನ್ನು ಬಿಚ್ಚಿ ಸಾಗಿಸುವ ತನಕ ಭಾನುವಾರ ಜನ ಬಂದು ನೋಡಬಹುದು ಎಂಬ ಸುದ್ದಿ ಬಂತು. ನಾನು ಅದನ್ನು ಮಾವನವರಿಗೆ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆಯವರಿಗೆ ಹೇಳಿದೆ.

"ಓಗಿ ನೋಡ್ಕಂಡ್ ಬರಾನ" ಎಂದರು ಅತ್ತೆ, ರಾಗಿ ಹಿಟ್ಟು ಜರಡಿ ಹಿಡಿಯುತ್ತಲೇ.

ಸುದ್ದಿ ಕಿವಿಗೆ ಬಿದ್ದದ್ದೇ ಮಾವನವರಿಗೆ ಆ ಭಾನುವಾರವೇ ನಾಲೆ ನೀರಿನ ಸರದಿ ಬಂತು. ಸರದಿ ಅವತ್ತಲ್ಲವೆಂದು ಗೊತ್ತಾದ ಮೇಲೆ ಮಂಡಿ ನೋವು ಬಂತು.

"ನೀವ್ ಬರ್ದಿದ್ರೆ ಅದ್ರ ಮಕ ಯಾವ್ದು ತಿಕ ಯಾವ್ದು ಅಂತ ನಮ್ಗೆ ಯೇಳೋರ್ಯಾರು?" ಎಂದರು ಅತ್ತೆ. ಅಲ್ಲಿಗೆ ಮಂಡಿ ವಾಸಿಯಾಯಿತು.

ನನ್ನ ಯಜಮಾನರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಭಾನುವಾರವೂ ರಜ ಇರಲಿಲ್ಲ, ಹಾಗಾಗಿ ನಾವು ಮೂವರೇ ಹೊರಟೆವು. ಮಂಡ್ಯದಿಂದ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು. ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ಮಾವನವರು ಮಾತ್ರ ಇಳಿಯಲಿಲ್ಲ. ಪಕ್ಕದ ಸೀಟಿನವರಿಗೆ, "ಏರೋಪ್ಲೇನ್ಗೆ ಈ ತಳ್ಳಾಟ ಎಲ್ಲಾ ಇಲ್ಲ ನೋಡಿ" ಎಂದು ವಿವರಿಸುತ್ತ ಕೂತಿದ್ದರು.

ಶೆಡ್ಡು ನಮ್ಮ ಮನೆಯಂಥ ನಾಲ್ಕು ಮನೆ ಹಿಡಿಸುವಷ್ಟಿತ್ತು. ಕಮಾನಿನ ಹಾಗೆ ಬಾಗಿದ ತಗಡಿನ ಚಾವಣಿ, ಎಣ್ಣೆಯ ಕಮಟು ವಾಸನೆ, ತೊಲೆಗಳ ತುಂಬ ಪಾರಿವಾಳ. ನಡುವೆ ಒಂದು ರೆಕ್ಕೆ ಬಿಚ್ಚಿದ್ದ ಹಸಿರು ವಿಮಾನ ಮೂತಿ ಮೇಲೆತ್ತಿಕೊಂಡು, ಬಾಲ ನೆಲಕ್ಕೆ ಊರಿಕೊಂಡು ನಿಂತಿತ್ತು. ನೋಡಲು ಬಂದವರು ಇಪ್ಪತ್ತು ಜನರಿರಬಹುದು. ತೋರಿಸುತ್ತಿದ್ದವರು ಮದ್ದೂರಿನ ಒಬ್ಬ ಸಾಬರು. ಮೊದಲು ಲಾರಿ ಮೆಕ್ಯಾನಿಕ್ ಆಗಿದ್ದು ಯುದ್ಧಕಾಲದಲ್ಲಿ ಇಲ್ಲಿಗೆ ಸೇರಿದವರು.

ಮಾವನವರು ಬಾಗಿಲಲ್ಲೇ ನಿಂತು ಚಪ್ಪಲಿಯ ಮಣ್ಣು ಒದರತೊಡಗಿದರು. ಎಷ್ಟು ಒದರಿದರೂ ಆ ಮಣ್ಣು ಮುಗಿಯಲಿಲ್ಲ. ನಾನು ಸರಸರ ಮುಂದೆ ಹೋಗಿ ಮೆಕ್ಯಾನಿಕ್ ಸಾಬರಿಗೆ ಮೆಲ್ಲಗೆ ಹೇಳಿದೆ, "ಸಾಬ್ರೇ, ನಮ್ ಮಾವ ಇಮಾನ ನಡೆಸಿರೋರು. ಅವರ್ನೇ ಅತ್ಸಿ ಕೇಳಿ."

ಅವರು ಮಾವನವರ ರುಮಾಲು ನೋಡಿದರು, ನನ್ನ ಮುಖ ನೋಡಿದರು. ಸಾಬರ ಮೀಸೆ ಒಂದಿಷ್ಟು ಅಲುಗಿತು. ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದರು, "ಬನ್ನಿ ಯಜಮಾನ್ರೇ! ನಾನು ಬರೀ ಬೋಲ್ಟು ಬಿಗಿಯೋನು. ತಿಳ್ದೋರು ನೀವು, ಜನಕ್ಕೆ ಒಸಿ ಯೇಳಿ."

ಜನ ದಾರಿ ಬಿಟ್ಟರು. ಮಾವನವರಿಗೆ ಬೇರೆ ದಾರಿ ಇರಲಿಲ್ಲ. ಬಂದು ವಿಮಾನದ ಹೊಟ್ಟೆಯನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿದರು.

"ಇದ್ರ ಪೋಂ ಪೋಂ ಆರ್ನು ಎಲ್ಲೈತೆ?" ಎಂದು ಅತ್ತೆ ಕೇಳಿದರು.

"ಒಳಗೈತೆ. ಅದ್ದು-ಗಿಡ್ಗ ಅಡ್ಡ ಬಂದಾಗ ಒಡೀತಾರೆ."

"ಸರಿಯಾಗ್ ಯೇಳುದ್ರಿ" ಎಂದರು ಮೆಕ್ಯಾನಿಕ್ಕು, ನಗದೆ. "ಇದ್ರುದ್ದು ಯುದ್ಧದಾಗೆ ಕಳ್ದೋಯ್ತು." ಹೇಳುತ್ತಲೇ ಏಣಿ ತಂದು ಒರಗಿಸಿ, "ಅತ್ತಿ, ಕೂತ್ಕಂಡು ತೋರ್ಸಿ" ಎಂದರು.

ಮಾವನವರು ಮೊದಲ ಮೆಟ್ಟಿಲು ಹತ್ತಿದರು. ಎರಡನೆಯದೂ ಹತ್ತಿದರು. ಅಷ್ಟರಲ್ಲಿ ವಿಮಾನ ಎಲ್ಲೋ ಕಿರ್ ಎಂದಿತು. ಅವರು ಏಣಿಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿಬಿಟ್ಟರು.

"ಸಾಬ್ರೇ, ಇಂಜಿನ್ನು ಆಫ್ ಆಗೈತೆ ತಾನೇ?"

"ಇಂಜಿನ್ನೇ ಇಲ್ಲ ಯಜಮಾನ್ರೇ. ಓದ್ ತಿಂಗ್ಳೇ ಬಿಚ್ಕಂಡೋದ್ರು."

ಜನ ಗೊಳ್ಳೆಂದರು. ನಾನೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆದರೆ ಮಾವನವರ ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಮೇಲಕ್ಕೂ ಹೋಗಲಾರರು, ಕೆಳಕ್ಕೂ ಬರಲಾರರು. ಅದನ್ನು ಕಂಡು ನನ್ನ ನಗು ನಿಂತಿತು.

"ಇಳೀರಿ ಅತ್ಲಾಗೆ" ಎಂದು ಅತ್ತೆ ಅವರ ಕೈ ಹಿಡಿದು ಇಳಿಸಿಕೊಂಡರು. ಸೀರೆ ಎತ್ತಿ ಕಟ್ಟಿ, ಹುಣಸೆ ಮರ ಹತ್ತಿದಷ್ಟೇ ಸಲೀಸಾಗಿ ಹತ್ತಿ, ಒಳಗೆ ಕೂತೇಬಿಟ್ಟರು. ಎದುರಿಗಿದ್ದ ಹಿಡಿಗೋಲನ್ನು ಹಿಡಿದು ಬಲವಾಗಿ ಎಳೆದರು.

ಹಿಡಿಗೋಲಿಗೆ ತಂತಿಯಿಂದ ಕಟ್ಟಿದ್ದ ಬಾಲದ ಹಲಗೆ ಧಡ್ಡೆಂದು ಮೇಲೆದ್ದಿತು. ಅದರ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಒಟ್ಟಿಗೇ ಪಟಪಟನೆ ಹಾರಿದವು. ಯಾರೋ "ಎದ್ಬುಡ್ತು! ಎದ್ಬುಡ್ತು!" ಎಂದು ಕಿರುಚಿದರು. ಇಂಜಿನ್ನಿಲ್ಲವೆಂದು ಈಗಷ್ಟೇ ನಕ್ಕಿದ್ದ ಜನವೇ ಬಾಗಿಲಿಗೆ ಓಡಿತು. ಎರಡು ಜೊತೆ ಚಪ್ಪಲಿ, ಒಂದು ಛತ್ರಿ ಅಲ್ಲೇ ಉಳಿದವು.

ಓಡದವರು ಮಾವನವರೊಬ್ಬರೇ. ಅವರು ವಿಮಾನದ ಬಾಲವನ್ನು ಎರಡೂ ತೋಳಿನಿಂದ ತಬ್ಬಿ, ಹಿಮ್ಮಡಿ ನೆಲಕ್ಕೂರಿ ಹಿಂದಕ್ಕೆ ಜಗ್ಗುತ್ತ ಕೂಗುತ್ತಿದ್ದರು, "ಇಳಿಯೇ! ನಾನ್ ಇಡ್ಕಂಡಿವ್ನಿ, ಇಳ್ಕಳೇ!"

ಅತ್ತೆ ಇಳಿಯಲಿಲ್ಲ. ಬಗ್ಗಿ ನೋಡಿ, "ಬುಡಿ ಅದ್ನ. ಇನ್ನೊಸಿ ವೊತ್ತು ಕೂತಿರ್ತೀನಿ" ಎಂದರು.

ಆಮೇಲೆ ಮೆಕ್ಯಾನಿಕ್ ಸಾಬರು ಶೆಡ್ಡಿನ ಮೂಲೆಯಲ್ಲಿ ಟೀ ಕಾಯಿಸಿ ಕೊಟ್ಟರು. ಮಾವನವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹೇಳಿದರು, "ಇಷ್ಟು ವರ್ಸ ಇದ್ರ ಜೊತ್ಗೇ ಇವ್ನಿ ಯಜಮಾನ್ರೇ. ದೊರೆಗೊಳು ಬಾ ಅಂತ ಕರುದ್ರು. ಒಂದು ಸಲನೂ ಮ್ಯಾಕೋಗಿಲ್ಲ. ಭಯ."

ಮಾವನವರು ಲೋಟ ಕೆಳಗಿಟ್ಟು, ಬೆಂಗಳೂರಿನಲ್ಲಿ ಅರ್ಧ ದಿನ ಬೇಲಿಯಾಚೆ ನಿಂತು ನೋಡಿದ್ದನ್ನು, ಪೊಲೀಸಿನವನು ಬೆತ್ತ ಎತ್ತಿಕೊಂಡು ಬಂದಾಗ ಓಡಿದ್ದನ್ನು ಹೇಳಿದರು.

"ನಂಗ್ ಗೊತ್ತಿತ್ತು ಕಣ್ರೀ" ಎಂದರು ಅತ್ತೆ. "ಅವತ್ತು ನಿಮ್ ಪಂಚೆ ಮೂರು ಕಡೆ ಬೇಲಿ ಮುಳ್ಳಿಗೆ ಅರ್ದಿತ್ತು. ಸೂಜಿ ಇಡ್ದು ಒಲ್ದೋಳು ನಾನಲ್ವಾ?"

"ಗೊತ್ತಿದ್ದೂ ಯಾಕ್ ಸುಮ್ಕಿದ್ದೆ?"

"ಚೆಂದಾಗ್ ಯೇಳ್ತಿದ್ರಲ್ಲ. ಕೇಳಣ ಅಂತ."

ಇಷ್ಟು ವರ್ಷ ಅತ್ತೆ ಕೇಳಿಕೊಂಡು ಬಂದ ಕಥೆಯನ್ನು ನಾನು ಒಂದೇ ಬೆಳಿಗ್ಗೆ ಬಯಲು ಮಾಡಿಸಿದ್ದೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಧೈರ್ಯ ಸಾಲದೆ ಲೋಟ ತೊಳೆಯಲು ಎದ್ದು ಹೋದೆ.

ವಾಪಸು ಬರುವಾಗ ಮಾವನವರು ಬಸ್ಸು ತಳ್ಳಲು ತಾವಾಗಿ ಇಳಿದರು. ಅವರು ಹಿಂದೆ ಹೋದದ್ದೇ ತಡ, ಅತ್ತೆ ನನ್ನ ಕಡೆ ವಾಲಿದರು.

"ಆ ಸಾಬ್ರ ಅತ್ರ ಏನಮ್ಮಿ ಪಿಸಪಿಸ ಅಂತಿದ್ದೆ?"

"ಏನೂ ಇಲ್ಲ ಅತ್ತೆ, ಇಮಾನ ಯಾವೂರ್ದು ಅಂತ ಕೇಳ್ದೆ."

ತೊಡೆಯ ಮೇಲೆ ಎಂಥ ಚಿವುಟು ಬಿತ್ತೆಂದರೆ ನಾಲ್ಕು ದಿನ ನೀಲಿಗಟ್ಟಿತ್ತು. ನನ್ನ ಯಜಮಾನರು ಅದೇನೆಂದು ಕೇಳಿದಾಗ, ಬಸ್ಸಿನ ಸೀಟಿನ ಮೊಳೆ ಒತ್ತಿತು ಎಂದೆ.